ರೂಟ್ 71ರ ಪಕ್ಕದ ನಾರ್ವೆ: ಅಷ್ಟು ದೊಡ್ಡ ಹೆಸರಿನ ಊರು ಯಾಕೆ ಅಷ್ಟೇ ಉಳೀತು?

ಪ್ರಶ್ನೆ: ನಾವು ಅಮೆರಿಕದ ಇಲಿನಾಯ್ ರಾಜ್ಯದ ನಾಪರ್‌ವಿಲ್‌ನಲ್ಲಿರೋದು ಸರ್. ಊರಿಂದ ಅಪ್ಪ ಅಮ್ಮ ಬಂದಿದ್ರು ಅಂತ ಸ್ಟಾರ್ವ್ಡ್ ರಾಕ್ ಪಾರ್ಕ್ ತೋರಿಸೋಕೆ ರೂಟ್ 71ರಲ್ಲಿ ಹೋಗ್ತಿದ್ವಿ, ದಾರೀಲಿ ನಾರ್ವೆ ಅಂತ ಬೋರ್ಡ್ ಬಂತು. ನಾಲ್ಕು ಮನೆ, ಸುತ್ತ ಜೋಳದ ಹೊಲ, ರಸ್ತೆ ಪಕ್ಕ ಒಂದು ಸ್ಮಾರಕ, ಇನ್ನೊಂದು ಕಡೆ ಒಂದು ವಿಮಾನ ಮೂತಿ ನೆಲಕ್ಕೆ ಹೂತ್ಕೊಂಡು ನಿಂತಿದೆ! ನಾರ್ವೆಯ ರಾಜ ಕೂಡ ಇಲ್ಲಿಗೆ ಬಂದಿದ್ದ ಅಂತ ಆಮೇಲೆ ಯಾರೋ ಹೇಳಿದ್ರು. ಅಪ್ಪ ಕೇಳಿದ್ದು ಒಂದೇ ಮಾತು, "ಇಷ್ಟು ದೊಡ್ಡ ಹೆಸರು ಇಟ್ಕೊಂಡು ಈ ಊರು ಯಾಕೆ ಬೆಳೀಲಿಲ್ಲ?" ಸ್ವಲ್ಪ ವಿವರವಾಗಿ ಹೇಳ್ತೀರಾ? ಆ ವಿಮಾನದ ಕಥೆ ಏನು ಅಂತಾನೂ.

ಉತ್ತರ: ನಿಮ್ಮ ತಂದೆಯವರು ಸರಿಯಾದ ಪ್ರಶ್ನೆ ಕೇಳಿದ್ದಾರೆ. ವಲಸೆಯ ಇತಿಹಾಸ ಪಾಠ ಮಾಡ್ಕೊಂಡು ನಂಗೆ ಇಷ್ಟು ವರ್ಷ ಆಯ್ತು, ವಿದ್ಯಾರ್ಥಿಗಳು ಯಾವಾಗ್ಲೂ "ಊರು ಹೇಗೆ ಶುರುವಾಯ್ತು" ಅಂತಾನೇ ಕೇಳೋದು, "ಯಾಕೆ ಬೆಳೀಲಿಲ್ಲ" ಅಂತ ಕೇಳೋರು ಕಮ್ಮಿ. ಈ ಊರಿನ ವಿಷಯದಲ್ಲಿ ಅದೇ ಮುಖ್ಯ. ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಅದು ತವರುಮನೆ ಥರದ ಊರು, ಅಲ್ಲಿಂದ ಜನ ಹೊರಟು ಹೋಗ್ತಾನೇ ಇದ್ರು, ಹೋದ ಕಡೆ ಎಲ್ಲ ಹೊಸ ಊರು ಕಟ್ಟಿದ್ರು. ಆದ್ರೆ ಅಷ್ಟಕ್ಕೆ ಬಿಟ್ರೆ ಮಜಾ ಇರಲ್ಲ, ಹಡಗಿನಿಂದಾನೇ ಶುರು ಮಾಡೋಣ.

1825ರ ಜುಲೈ ಮೊದಲ ವಾರ ನಾರ್ವೆಯ ಸ್ಟಾವಾಂಗರ್ ಬಂದರಿನಿಂದ ರೆಸ್ಟೌರಾಸ್ಯೋನ್ ಅನ್ನೋ ಒಂದು ಪುಟ್ಟ ಹಾಯಿಹಡಗು ಹೊರಡ್ತು. ಪುಟ್ಟದು ಅಂದ್ರೆ ನಿಜವಾಗ್ಲೂ ಪುಟ್ಟದು, ಉದ್ದ 54 ಅಡಿ, ಅಂದ್ರೆ ನಮ್ಮ ದೊಡ್ಡ ಬಸ್ಸಿಗಿಂತ ಸ್ವಲ್ಪ ಉದ್ದ ಅಷ್ಟೆ, ಸರಕು ಹಿಡಿಸೋ ಲೆಕ್ಕದಲ್ಲಿ 39 ಟನ್ ಆಸುಪಾಸು. ಅದರಲ್ಲಿ 52 ಜನ, ಹೆಂಗಸರು ಮಕ್ಕಳು ಎಲ್ಲ ಸೇರಿ. ಒಂಟಿ ಕಂಬದ ಈ ಥರದ ಹಡಗಿಗೆ ಸ್ಲೂಪ್ ಅಂತಾರೆ, ಅದಕ್ಕೇ ಆ ಜನಕ್ಕೆ ಇವತ್ತಿಗೂ ಸ್ಲೂಪರ್ಸ್ ಅಂತಾನೇ ಹೆಸರು. ಇವರಲ್ಲಿ ಕೆಲವರು ಕ್ವೇಕರ್‌ಗಳು, ಅಂದ್ರೆ ಪಾದ್ರಿಗಳೇ ಬೇಡ ಅನ್ನೋ ಒಂದು ಕ್ರೈಸ್ತ ಪಂಥದವರು, ಮಿಕ್ಕವರಲ್ಲಿ ಕೆಲವರು ಹಾವ್ಗೆ ಅನ್ನೋ ಬೋಧಕನ ಪಂಥದ ಭಕ್ತರು. ನಾರ್ವೆಯಲ್ಲಿ ಕ್ವೇಕರ್‌ಗಳು ಎಲ್ಲಿಂದ ಬಂದ್ರು ಅಂದ್ರೆ, ನೆಪೋಲಿಯನ್ ಕಾಲದ ಯುದ್ಧದಲ್ಲಿ ಇಂಗ್ಲೆಂಡಿನವರು ಹಿಡ್ಕೊಂಡು ಹೋಗಿ ಕೈದಿ ಹಡಗಲ್ಲಿ ಇಟ್ಟಿದ್ದ ನಾವಿಕರು ಅಲ್ಲಿ ಕ್ವೇಕರ್ ಮತ ಕಲಿತು ವಾಪಸ್ ಬಂದಿದ್ರು. ಅವರ ಮುಖಂಡ ಲಾರ್ಸ್ ಲಾರ್ಸನ್ ಗೈಲಾನೆ ಕೂಡ ಹಾಗೇ ಕೈದಿಯಾಗಿದ್ದವನು. ನಾರ್ವೆಯಲ್ಲಿ ಆಗ ಸರ್ಕಾರಿ ಚರ್ಚು ಬಿಟ್ರೆ ಬೇರೆ ಇಲ್ಲ, ಮದುವೆ, ನಾಮಕರಣ, ಸಾವು ಎಲ್ಲಾನೂ ಪಾದ್ರಿ ಕೈಯಲ್ಲೇ ಆಗ್ಬೇಕು, ಇಲ್ಲಾಂದ್ರೆ ದಂಡ. ಆದ್ರೆ ಬರೀ ಧರ್ಮಕ್ಕೋಸ್ಕರ ಬಂದ್ರು ಅಂತ ಪುಸ್ತಕಗಳಲ್ಲಿ ಬರೆಯೋದನ್ನ ನಾನು ಪೂರ್ತಿ ಒಪ್ಪಲ್ಲ. ನಾರ್ವೆಯಲ್ಲಿ ಉಳೋಕೆ ಆಗೋ ಭೂಮಿ ನೂರಕ್ಕೆ ಮೂರು ಪಾಲು ಇದ್ರೆ ಹೆಚ್ಚು, ಮಿಕ್ಕಿದ್ದೆಲ್ಲ ಬಂಡೆ, ಕಾಡು, ಹಿಮ, ನಾಲ್ಕು ಮಕ್ಕಳಿರೋ ಮನೇಲಿ ಜಮೀನು ಯಾರಿಗೆ ಅಂತ ಹಂಚೋದು ಹೇಳಿ.

ಆ ಪ್ರಯಾಣದ ಒಂದು ಪ್ರಸಂಗ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ಮದೀರಾ ದ್ವೀಪದ ಹತ್ರ ಸಮುದ್ರದಲ್ಲಿ ಒಂದು ಪೀಪಾಯಿ ತೇಲ್ತಾ ಇತ್ತಂತೆ, ಎತ್ತಿ ನೋಡಿದ್ರೆ ಒಳ್ಳೇ ವೈನು. ಭಕ್ತರ ಹಡಗು, ಆದ್ರೂ ಎಲ್ರೂ ಕುಡಿದು ಹಡಗು ತಾನಾಗೇ ಬಂದರಿನ ಕಡೆ ತೇಲ್ಕೊಂಡು ಹೋಯ್ತು, ಮೇಲೆ ಬಾವುಟ ಇಲ್ಲ, ಡೆಕ್ ಮೇಲೆ ಮನುಷ್ಯರ ಸುಳಿವಿಲ್ಲ, ದಡದಲ್ಲಿದ್ದವರು ಇದು ಪ್ಲೇಗ್ ಹಡಗೇ ಇರ್ಬೇಕು ಅಂತ ಫಿರಂಗಿ ತಿರುಗಿಸಿದ್ರಂತೆ, ಆಗ ಯಾರೋ ಎದ್ದು ಬಾವುಟ ಏರಿಸಿ ಜೀವ ಉಳಿಸ್ಕೊಂಡ್ರು. ಸೆಪ್ಟೆಂಬರ್‌ನಲ್ಲಿ ನಡುಸಮುದ್ರದಲ್ಲೇ ಲಾರ್ಸ್ ಹೆಂಡತಿಗೆ ಹೆಣ್ಣು ಮಗು ಆಯ್ತು, ಹೀಗಾಗಿ ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟುವಾಗ 53 ಜನ. ಮುಟ್ಟಿದ ತಕ್ಷಣ ಸ್ವಾಗತ ಏನು ಅಂದ್ರೆ ದಂಡ. ಅಮೆರಿಕದ ಕಾನೂನು ಪ್ರಕಾರ ಐದು ಟನ್ನಿಗೆ ಇಬ್ಬರು ಪ್ರಯಾಣಿಕರು, ಅಂದ್ರೆ ಈ ಹಡಗಲ್ಲಿ ಹದಿನಾರು ಜನ ಬಂದ್ರೆ ಹೆಚ್ಚು. 3150 ಡಾಲರ್ ದಂಡ ಹಾಕಿ ಹಡಗು ಜಪ್ತಿ ಮಾಡಿದ್ರು, ಹಡಗು ಮಾರಿದ್ರೂ ಅದರ ಕಾಲು ಭಾಗ ಹುಟ್ಟಲ್ಲ. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ನವೆಂಬರ್‌ನಲ್ಲಿ ದಂಡ ಮಾಫಿ ಮಾಡಿ ಸಹಿ ಹಾಕಿದ. ಆ ಅಕ್ಟೋಬರ್ 9ನೇ ತಾರೀಕನ್ನೇ ಅಮೆರಿಕದಲ್ಲಿ ಕೊಲಂಬಸ್‌ಗಿಂತ ಎಷ್ಟೋ ಮೊದಲು ಅಲ್ಲಿಗೆ ಬಂದಿದ್ದ ನಾವಿಕ ಲೀಫ್ ಎರಿಕ್ಸನ್ ಹೆಸರಲ್ಲಿ ಲೀಫ್ ಎರಿಕ್ಸನ್ ದಿನ ಅಂತ ಆಚರಿಸೋದು, ಲೀಫ್‌ಗೂ ಆ ತಾರೀಕಿಗೂ ಸಂಬಂಧ ಇಲ್ಲ, ಅದು ಈ ಸ್ಲೂಪ್ ಬಂದ ದಿನ.

ಇಷ್ಟೆಲ್ಲಾ ಆದ್ರೂ ಇವರು ಇಲಿನಾಯ್‌ಗೆ ಬರಲಿಲ್ಲ, ಇದನ್ನ ಸರಿಯಾಗಿ ಗಮನಿಸಿ. ಹೋಗಿದ್ದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗಕ್ಕೆ, ಒಂಟಾರಿಯೊ ಕೆರೆ ದಡದ ಕೆಂಡಲ್ ಅನ್ನೋ ಜಾಗಕ್ಕೆ. ಅಲ್ಲಿ ಎಕರೆಗೆ 5 ಡಾಲರ್‌ನಂತೆ ಕಂತಿನಲ್ಲಿ ಜಮೀನು ತಗೊಂಡ್ರು. ಅದು ಜಮೀನಲ್ಲ, ದಟ್ಟ ಕಾಡು. ಮೊದಲ ಚಳಿಗಾಲ ಹನ್ನೆರಡಡಿ ಉದ್ದ ಹನ್ನೆರಡಡಿ ಅಗಲದ ಒಂದೇ ಮರದ ಗುಡಿಸಲಲ್ಲಿ 24 ಜನ ಕಳೆದ್ರು ಅಂತಾರೆ, ಲೆಕ್ಕ ಹಾಕಿ ನೋಡಿ, ಒಬ್ಬೊಬ್ಬರಿಗೆ ಎರಡಡಿ ಮೂರಡಿ ಜಾಗ, ಅದರಲ್ಲೇ ಒಲೆ. ಮರ ಕಡಿದು ಬೇರು ಕಿತ್ತು ಎರಡು ಎಕರೆ ಹಸನು ಮಾಡೋಷ್ಟರಲ್ಲಿ ವರ್ಷ ಮುಗೀತಿತ್ತು, ಬೆಳೆದದ್ದು ಹೊಟ್ಟೆಗೆ ಸಾಲ್ತಿರಲಿಲ್ಲ, ಕಂತು ಕಟ್ಟೋದೆಲ್ಲಿ. ಲಾರ್ಸ್ ಒಬ್ಬ ಜಾಣ, ಅವನು ಕಾಡಿಗೆ ಹೋಗಲೇ ಇಲ್ಲ, ರಾಚೆಸ್ಟರ್‌ನಲ್ಲಿ ನಿಂತು ಈರಿ ಕಾಲುವೆಗೆ ದೋಣಿ ಕಟ್ಟೋ ಕಸುಬು ಹಿಡಿದ. ಹೊಸಬರು ಯಾರೇ ಬಂದ್ರೂ ಮೊದಲು ಅವನ ಮನೇಲಿ ಊಟ, ಆಮೇಲೆ ಮುಂದಿನ ದಾರಿ.

ಇಲ್ಲಿ ಕಥೆಯೊಳಗೆ ಕ್ಲೆಂಗ್ ಪೀರ್ಸನ್ ಬರ್ತಾನೆ, ನೀವು ನೋಡಿದ ಸ್ಮಾರಕದಲ್ಲಿ ಅವನ ಹೆಸರಿದೆ. ಸ್ಟಾವಾಂಗರ್ ಹತ್ರದ ಟಿಸ್ವೇರ್‌ನವನು. ಸ್ಲೂಪ್ ಹೊರಡೋಕೆ ನಾಲ್ಕು ವರ್ಷ ಮೊದಲೇ, 1821ರಲ್ಲೇ, ಅಮೆರಿಕ ನೋಡ್ಕೊಂಡು ಬರೋಕೆ ಅಂತ ಹೋಗಿದ್ದವನು. ಒಂದು ಕಡೆ ಕೂತು ಕೆಲಸ ಮಾಡಿದ ಜನ್ಮ ಅಲ್ಲ ಅವನದು, ನಾರ್ವೆಯಲ್ಲಿ ತನಗಿಂತ ತುಂಬಾ ದೊಡ್ಡ ವಯಸ್ಸಿನ ಅನುಕೂಲಸ್ಥ ವಿಧವೆಯನ್ನ ಮದುವೆಯಾಗಿ ಅವಳನ್ನ ಅಲ್ಲೇ ಬಿಟ್ಟು ಬಂದಿದ್ದ, ಇಲ್ಲಿ ಯಾರದಾದ್ರೂ ಮನೆ ಜಗಲೀಲಿ ಕೂತು ಕಥೆ ಹೇಳ್ತಾ ದಿನ ಕಳೀತಿದ್ದ. ಸಂಸಾರಸ್ಥರು ಬೈತಿದ್ರು, ಆದ್ರೆ ಬೈದವರೇ ಅವನ ಹಿಂದೆ ಗಂಟುಮೂಟೆ ಕಟ್ಕೊಂಡು ಹೊರಡ್ತಿದ್ರು. ನಂಗೆ ಇವನನ್ನ ಕಂಡ್ರೆ ಯಾಕೋ ಇಷ್ಟ, ಹಾಗಂತ ಅಪ್ಪಟ ಹೀರೋ ಅಂತ ಒಪ್ಕೊಳ್ಳೋಕೂ ಆಗಲ್ಲ.

1833ರಲ್ಲಿ ಈ ಆಸಾಮಿ ಕೆಂಡಲ್‌ನಿಂದ ಪಶ್ಚಿಮಕ್ಕೆ ನಡ್ಕೊಂಡೇ ಹೊರಟ. ಮಿಶಿಗನ್ ದಾಟಿ ಶಿಕಾಗೊಗೆ ಬಂದ, ಆಗಿನ ಶಿಕಾಗೊ ಅಂದ್ರೆ ಕೆಸರಲ್ಲಿ ಕೆಲವು ನೂರು ಜನ, ಅದೇ ವರ್ಷ ಆಗಸ್ಟ್‌ನಲ್ಲಿ ಅದಕ್ಕೆ ಟೌನ್ ಅಂತ ಪಟ್ಟ ಸಿಕ್ಕಿದ್ದು. ಅಲ್ಲಿಂದ ಮಿಲ್ವಾಕಿ ಕಡೆ ಹೋಗಿ ಅಲ್ಲಿದ್ದ ವ್ಯಾಪಾರಿ ಸಾಲಮನ್ ಜುನೋನ ಕೇಳಿದನಂತೆ, ಇನ್ನೂ ಉತ್ತರಕ್ಕೆ ಹೋದ್ರೆ ಏನಿದೆ ಅಂತ. ಭೂಮಿ ಮುಗಿಯೋವರೆಗೂ ಕಾಡೇ ಅಂತ ಉತ್ತರ ಬಂತು. ಕಾಡು ಸಾಕಪ್ಪಾ ಅಂತ ಇವನು ತಿರುಗಿ ನೈಋತ್ಯಕ್ಕೆ ಬಂದ, ಫಾಕ್ಸ್ ನದಿ ಕಣಿವೆಗೆ. ಇನ್ನು ಕನಸಿನ ಕಥೆ: ಹಸಿದು ಸುಸ್ತಾಗಿ ಒಂದು ಮರದಡಿ ಮಲಗಿದ್ದಾಗ ಆ ಹುಲ್ಲುಗಾವಲೆಲ್ಲ ತೆನೆ ತುಂಬಿದ ಹೊಲ ಆದಂಗೆ, ಹಣ್ಣಿನ ತೋಟ, ಮನೆ, ದನ ಎಲ್ಲ ಕಂಡಂಗೆ ಕನಸು ಬಿತ್ತು, ಎದ್ದು ತನ್ನನ್ನ ಬೈಬಲ್‌ನಲ್ಲಿ ತನ್ನ ಜನಕ್ಕೆ ಹೊಸ ನಾಡಿನ ದಾರಿ ತೋರಿಸಿದ ಮೋಸೆಗೆ ಹೋಲಿಸ್ಕೊಂಡ ಅಂತ. ಈ ಕಥೆ ಹೇಳಿದ್ದು ಅವನೇ, ಅದೂ ಮುದುಕ ಆದ್ಮೇಲೆ, ಹಾಗಾಗಿ ಎಷ್ಟು ಉಪ್ಪು ಖಾರ ಸೇರಿದೆ ಅಂತ ನೀವೇ ಊಹಿಸ್ಕೊಳ್ಳಿ. ಕನಸು ಬಿದ್ದಿರ್ಲಿ ಬಿಡ್ಲಿ, ಅವನು ಅಲ್ಲಿ ಕಂಡಿದ್ದು ಮರ ಕಡಿಯೋ ಗೋಳಿಲ್ಲದ ನೆಲ, ಪಕ್ಕದಲ್ಲೇ ನದಿ, ನದಿ ಅಂಚಲ್ಲಿ ಮನೆಗೂ ಸೌದೆಗೂ ಬೇಕಾದಷ್ಟು ಮರ, ಮತ್ತೆ ಸರ್ಕಾರಿ ದರ ಎಕರೆಗೆ ಒಂದೂಕಾಲು ಡಾಲರ್. ಕೆಂಡಲ್‌ನಲ್ಲಿ ಒಂದು ಎಕರೆಗೆ ಕೊಟ್ಟ ದುಡ್ಡಿಗೆ ಇಲ್ಲಿ ನಾಲ್ಕು.

1834ರಲ್ಲಿ ಮೊದಲ ಕೆಲವರು ಬಂದ್ರು, ಮುಂದಿನ ಎರಡು ವರ್ಷದಲ್ಲಿ ಸ್ಲೂಪರ್‌ಗಳಲ್ಲಿ ಹೆಚ್ಚಿನವರು ಕೆಂಡಲ್ ಬಿಟ್ಟು ಇಲ್ಲಿಗೆ. ಮೊದಲು ಬಂದು ಕೂತ್ರು, ಆಮೇಲೆ ಸರ್ಕಾರ ಭೂಮಿ ಮಾರಾಟಕ್ಕೆ ಬಿಟ್ಟಾಗ 1835ರ ಜೂನ್‌ನಲ್ಲಿ ಶಿಕಾಗೊ ಭೂಕಚೇರಿಗೆ ಹೋಗಿ ದುಡ್ಡು ಕಟ್ಟಿ ಹೆಸರಿಗೆ ಮಾಡಿಸ್ಕೊಂಡ್ರು. ಕ್ಲೆಂಗ್ ತನಗಷ್ಟೇ ಅಲ್ಲ, ಗಂಡನ್ನ ಕಳ್ಕೊಂಡು ಮಕ್ಕಳನ್ನ ಕಟ್ಕೊಂಡಿದ್ದ ಕಾರಿ ಅನ್ನೋ ಸೋದರಿಗೂ ಜಮೀನು ಮಾಡಿಸಿಕೊಟ್ಟ, ಅವನ ಲೆಕ್ಕಕ್ಕೆ ಜಮೆ ಮಾಡ್ಬೇಕಾದ ಒಳ್ಳೇ ಕೆಲಸ ಅದು. ಅಂದ ಹಾಗೆ ಎಷ್ಟೋ ಜನ ಇದನ್ನ ಹೋಮ್‌ಸ್ಟೆಡ್ ಕಾಯಿದೆಯ ಪುಕ್ಕಟೆ ಜಮೀನು ಅಂತ ತಿಳ್ಕೊಂಡಿದ್ದಾರೆ, ಅದು ಬಂದಿದ್ದು 1862ರಲ್ಲಿ, ಇಲ್ಲಿ ಎಲ್ರೂ ಕಾಸು ಕೊಟ್ಟೇ ತಗೊಂಡಿದ್ದು.

ಈಗ ಸ್ವಲ್ಪ ನಿಲ್ಲಿ. ಖಾಲಿ ಬಿದ್ದಿದ್ದ ಹುಲ್ಲುಗಾವಲು ಅಂತ ಸ್ಮಾರಕದ ಮುಂದೆ ನಿಂತಾಗ ಅನ್ನಿಸ್ತದೆ, ಆದ್ರೆ ಖಾಲಿ ಇರಲಿಲ್ಲ. ಅದು ಪೊಟವಾಟಮಿ ಅನ್ನೋ ಮೂಲನಿವಾಸಿ ಜನ ಓಡಾಡಿ, ಬೇಟೆಯಾಡಿ, ಜೋಳ ಬೆಳೆದ ನೆಲ. ನಾರ್ವೆ ಹಳ್ಳಿ ಇರೋ ಟೌನ್‌ಶಿಪ್ ಹೆಸರು ಮಿಷನ್, ಆ ಹೆಸರು ಬಂದಿದ್ದೇ 1820ರ ದಶಕದಲ್ಲಿ ಜೆಸ್ಸಿ ವಾಕರ್ ಅನ್ನೋ ಮೆಥಡಿಸ್ಟ್ ಪಾದ್ರಿ ಪೊಟವಾಟಮಿಗಳಿಗೋಸ್ಕರ ಅಲ್ಲಿ ನಡೆಸ್ತಿದ್ದ ಮಿಷನ್‌ನಿಂದ. 1816ರಿಂದ ಶುರುವಾಗಿ ಒಂದೊಂದು ಒಪ್ಪಂದಕ್ಕೆ ಒಂದೊಂದು ತುಂಡು ಅಂತ ಅವರ ನೆಲ ಹೋಗ್ತಾ ಬಂತು. 1832ರಲ್ಲಿ ಬ್ಲ್ಯಾಕ್ ಹಾಕ್ ಅನ್ನೋ ಮೂಲನಿವಾಸಿ ಮುಖಂಡನಿಗೂ ಬಿಳಿಯರಿಗೂ ನಡೆದ ಬ್ಲ್ಯಾಕ್ ಹಾಕ್ ಯುದ್ಧ, ಆ ಮೇ ತಿಂಗಳಲ್ಲಿ ಇದೇ ಲಾಸಾಲ್ ಕೌಂಟಿಯ ಇಂಡಿಯನ್ ಕ್ರೀಕ್‌ನಲ್ಲಿ 15 ಜನ ಬಿಳಿಯರ ಕೊಲೆ ಆಯ್ತು, ಜಗಳದ ಮೂಲ ಏನು ಅಂದ್ರೆ ಹಳ್ಳಕ್ಕೆ ಅಡ್ಡ ಕಟ್ಟಿದ ಒಂದು ಒಡ್ಡು, ಅದರಿಂದ ಮೇಲಿನ ಊರಿನ ಪೊಟವಾಟಮಿಗಳಿಗೆ ಮೀನು ಸಿಗದೇ ಹೋಯ್ತು. ದಾಳಿ ಆಗ್ತದೆ ಓಡಿ ಅಂತ ಬಿಳಿಯರಿಗೆ ಮುಂಚೆಯೇ ಹೇಳಿ ಎಷ್ಟೋ ಜೀವ ಉಳಿಸಿದ್ದು ಶಬ್ಬೋನಾ ಅನ್ನೋ ಪೊಟವಾಟಮಿ ಮುಖಂಡ. 1833ರಲ್ಲಿ, ಅಂದ್ರೆ ಕ್ಲೆಂಗ್ ಕನಸು ಕಂಡ ವರ್ಷಾನೇ, ಶಿಕಾಗೊ ಒಪ್ಪಂದಕ್ಕೆ ಸಹಿ ಬಿತ್ತು, ಉಳಿದಿದ್ದ ಜನ ಮಿಸಿಸಿಪ್ಪಿ ಆಚೆ ಹೋಗ್ಬೇಕು ಅಂತ. 1835ರ ಜೂನ್‌ನಲ್ಲಿ ನಾರ್ವೆಯವರು ಶಿಕಾಗೊದಲ್ಲಿ ಜಮೀನಿಗೆ ದುಡ್ಡು ಕಟ್ಟಿದ್ರು ಅಂದ್ನಲ್ಲ, ಅದೇ ಆಗಸ್ಟ್‌ನಲ್ಲಿ ಅದೇ ಶಿಕಾಗೊದ ಬೀದೀಲಿ ನೂರಾರು ಪೊಟವಾಟಮಿ ಗಂಡಸರು ಮೈಗೆ ಬಣ್ಣ ಹಚ್ಚಿಕೊಂಡು ಕೊನೇ ಸಲ ಯುದ್ಧ ಕುಣಿತ ಕುಣಿದು ಹೊರಟು ಹೋದ್ರು. ಅಷ್ಟೆಲ್ಲ ಉಪಕಾರ ಮಾಡಿದ ಶಬ್ಬೋನಾಗೆ ಒಪ್ಪಂದದಲ್ಲೇ ಕೊಟ್ಟಿದ್ದ ಜಾಗಾನೂ ಉಳೀಲಿಲ್ಲ, ಅವನು ಊರಲ್ಲಿ ಇಲ್ಲದಾಗ 1849ರಲ್ಲಿ ಹರಾಜು ಹಾಕಿಬಿಟ್ರು. ಅದರಲ್ಲಿ 130 ಎಕರೆ ಪ್ರೇರಿ ಬ್ಯಾಂಡ್ ಪೊಟವಾಟಮಿಗಳ ಕೈಗೆ ಅಧಿಕೃತವಾಗಿ ವಾಪಸ್ ಬಂದಿದ್ದು 2024ರಲ್ಲಿ. ನಾರ್ವೆಯಿಂದ ಬಂದವರು ಬಡವರು, ಅವರು ಯಾರನ್ನೂ ಓಡಿಸಲಿಲ್ಲ, ನಿಜ. ಆದ್ರೆ ಎಕರೆಗೆ ಒಂದೂಕಾಲು ಡಾಲರ್ ಅನ್ನೋ ಆ ಅಗ್ಗದ ದರ ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಇದೇ.

ಸರಿ, ಜಮೀನು ಸಿಕ್ತು, ಉಳಬೇಕಲ್ಲ. ಇಲ್ಲಿ ಕೆಂಡಲ್‌ಗೆ ತದ್ವಿರುದ್ಧ ಕಷ್ಟ. ಮರ ಇಲ್ಲ, ಆದ್ರೆ ಹುಲ್ಲಿದೆ, ಹುಲ್ಲು ಅಂದ್ರೆ ನಿಮ್ಮ ಮನೆ ಮುಂದಿನ ಲಾನ್ ಅಲ್ಲ, ಆಳೆತ್ತರಕ್ಕೆ ಬೆಳೆಯೋದು, ಅದರ ಬೇರು ಸಾವಿರಾರು ವರ್ಷ ಹೆಣೆದು ಹೆಣೆದು ಚಾಪೆ ಥರ ಆಗಿತ್ತು. ಆ ಚಾಪೆ ಸೀಳೋಕೆ ಮಾಮೂಲಿ ನೇಗಿಲು ಸಾಲಲ್ಲ, ದೊಡ್ಡ ಮರದ ತೊಲೆಗೆ ಅಗಲವಾದ ಗುಳ ಕಟ್ಟಿ ನಾಲ್ಕೈದು ಜೋಡಿ ಎತ್ತು ಹೂಡ್ಬೇಕು, ಗುಳ ಹೋಗೋದು ಎರಡು ಮೂರು ಇಂಚು ಆಳ ಮಾತ್ರ, ಆದ್ರೆ ಮಗ್ಗುಲಿಗೆ ಒಂದೂವರೆ ಎರಡಡಿ ಅಗಲದ ಹುಲ್ಲುಹಾಸು ಕಪ್ಪು ಪಟ್ಟಿ ಥರ ಮಗುಚಿ ಬೀಳ್ತದೆ, ಬೇರು ಹರಿಯೋ ಸದ್ದು ದೂರಕ್ಕೆ ಕೇಳ್ತಿತ್ತಂತೆ. ಸ್ವಂತ ಎತ್ತು ಅಷ್ಟಿಲ್ಲದವರು ಬಾಡಿಗೆಗೆ ಹೂಡಿಸ್ತಿದ್ರು, ಎಕರೆಗೆ ಎರಡು ಡಾಲರ್ ಆಸುಪಾಸು, ಅಂದ್ರೆ ಜಮೀನಿನ ಬೆಲೆಗಿಂತ ಉಳುಮೆ ಕೂಲಿ ಜಾಸ್ತಿ! ಮೊದಲ ವರ್ಷ ಆ ಮಗುಚಿದ ಹುಲ್ಲುಹಾಸಿಗೆ ಕೊಡಲಿಯಿಂದ ಕಚ್ಚು ಹಾಕಿ ಅದರಲ್ಲಿ ಮೆಕ್ಕೆಜೋಳದ ಕಾಳು ಹಾಕಿ ಕಾಲಲ್ಲಿ ತುಳಿದುಬಿಡೋದು, ಬಂದಷ್ಟು ಬರ್ಲಿ ಅಂತ. ಚಾಪೆ ಕೊಳೆತು ಎರಡನೇ ವರ್ಷ ಗೋಧಿ. ಆಗ ಇನ್ನೊಂದು ಫಜೀತಿ, ಕೆಳಗಿರೋದು ಅಂಟು ಎರೆಮಣ್ಣು, ಬೀಡುಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಹತ್ತು ಮಾರಿಗೊಮ್ಮೆ ನಿಲ್ಲಿಸಿ ಕೆರೀಬೇಕು. ಆ ಮಣ್ಣಿಗೋಸ್ಕರಾನೇ 1837ರಲ್ಲಿ ಇದೇ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್‌ನಲ್ಲಿ ಜಾನ್ ಡೀರ್ ಅನ್ನೋ ಕಮ್ಮಾರ ಮುರಿದ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ್ದು, ನಿಮ್ಮ ಪಕ್ಕದ್ಮನೆಯವರು ಲಾನ್ ಕತ್ತರಿಸೋ ಆ ಹಸಿರು ಹಳದಿ ಬಣ್ಣದ ಮಷೀನ್ ಕಂಪನಿ ಶುರುವಾಗಿದ್ದು ಅಲ್ಲಿಂದ.

ಬೆಳೆದ ಗೋಧಿ ಮಾರೋಕೆ ಎತ್ತಿನ ಗಾಡೀಲಿ ಶಿಕಾಗೊಗೆ ಹೋಗ್ಬೇಕು, ಸುಮಾರು 110 ಕಿಲೋಮೀಟರ್, ದಾರಿ ಅನ್ನೋದೇ ಇಲ್ಲ. 1848ರಲ್ಲಿ ಇಲಿನಾಯ್ ಮಿಶಿಗನ್ ಕಾಲುವೆ ತೆರೆದ ಮೇಲೆ ಒಟ್ಟಾವಾವರೆಗೆ ಒಯ್ದು ದೋಣಿಗೆ ಹಾಕಿದ್ರೆ ಸಾಕು ಅಂತಾಯ್ತು. ಆ ಕಾಲುವೆ ಅಗೆಯೋ ಕೆಲಸಕ್ಕೂ ಎಷ್ಟೋ ನಾರ್ವೆ ಹುಡುಗರು ಹೋಗಿದ್ರು, ಕೈಗೆ ನಗದು ಸಿಗೋದು ಅಲ್ಲಿ ಮಾತ್ರ.

ಆದ್ರೆ ಈ ಊರನ್ನ ಊರು ಮಾಡಿದ್ದು ನೇಗಿಲಿಗಿಂತ ಕಾಗದ ಅಂತ ನನ್ನ ಅಭಿಪ್ರಾಯ. ಗ್ಯಾರ್ಟ್ ಹೋವ್ಲಾಂಡ್ ಅನ್ನೋ ರೈತ 1831ರಲ್ಲಿ ಅಮೆರಿಕಕ್ಕೆ ಬಂದವನು, ಊರಿಗೆ ಬರೆದ ಪತ್ರಗಳಲ್ಲಿ, ವಿಶೇಷವಾಗಿ 1835ರದರಲ್ಲಿ, ಇಲ್ಲಿ ಭೂಮಿ ಇಷ್ಟು ಅಗ್ಗ, ಇಲ್ಲಿ ಯಾರ ಮುಂದೇನೂ ಟೋಪಿ ತೆಗೆದು ಬಗ್ಗಬೇಕಾಗಿಲ್ಲ ಅನ್ನೋ ಧಾಟೀಲಿ ಬರೆದ. ಆ ಪತ್ರಾನ ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಕೈಯಲ್ಲೇ ನಕಲು ಮಾಡಿ ಮಾಡಿ ಹಳ್ಳಿಯಿಂದ ಹಳ್ಳಿಗೆ ದಾಟಿಸಿದ್ರು, ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಫಾರ್ವರ್ಡ್ ಮೆಸೇಜು. ಅದೇ ವರ್ಷ ಸ್ಲೂಪರ್ ಕ್ನುಡ್ ಸ್ಲೋಗ್ವಿಗ್ ಊರಿಗೆ ವಾಪಸ್ ಹೋದ, ಮದುವೆಗೆ. ಅಮೆರಿಕ ನೋಡಿ ಬಂದ ಮನುಷ್ಯ ಅಂತ ಅವನನ್ನ ನೋಡೋಕೆ, ಮಾತು ಕೇಳೋಕೆ ಜನ ಎಷ್ಟೋ ಮೈಲಿಯಿಂದ ಬಂದ್ರು. ಫಲ ಏನು? 1836ರಲ್ಲಿ ಸ್ಟಾವಾಂಗರ್‌ನಿಂದ ಎರಡು ಹಡಗು, ನೂರೈವತ್ತಕ್ಕೂ ಹೆಚ್ಚು ಜನ, ಬಹುತೇಕ ಎಲ್ರೂ ಹೊರಟಿದ್ದು ಫಾಕ್ಸ್ ನದಿಗೆ. ಮೊದಲ ಸ್ಲೂಪ್ ಆದ್ಮೇಲೆ ಹನ್ನೊಂದು ವರ್ಷ ಗುಂಪಾಗಿ ಯಾರೂ ಬಂದಿರಲಿಲ್ಲ, ಇದಾದ ಮೇಲೆ ನಿಲ್ಲಲೇ ಇಲ್ಲ. ಒಂದು ಶತಮಾನದಲ್ಲಿ ಎಂಟು ಲಕ್ಷಕ್ಕೂ ಮೇಲೆ ಜನ ನಾರ್ವೆ ಬಿಟ್ಟು ಅಮೆರಿಕಕ್ಕೆ ಬಂದ್ರು, 1825ರಲ್ಲಿ ಆ ದೇಶದ ಇಡೀ ಜನಸಂಖ್ಯೆ ಹತ್ತೂವರೆ ಲಕ್ಷ ಇತ್ತು ಅಂದ್ರೆ ಅಂದಾಜು ಮಾಡ್ಕೊಳ್ಳಿ.

ಬಂದವರೆಲ್ಲ ಸುಖವಾಗಿದ್ರು ಅಂತಲ್ಲ. 1837ರಲ್ಲಿ ಬರ್ಗೆನ್‌ನಿಂದ ಏಗಿರ್ ಅನ್ನೋ ಹಡಗಲ್ಲಿ ಬಂದ ಗುಂಪು ಫಾಕ್ಸ್ ನದಿಗೇ ಹೊರಟಿತ್ತು, ಶಿಕಾಗೊದಲ್ಲಿ ಅಲ್ಲಿಂದ ಬಂದಿದ್ದ ಬ್ಯೋರ್ನ್ ಆಂಡರ್ಸನ್ ಸಿಕ್ಕಿ ಆ ಜಾಗ ಚೆನ್ನಾಗಿಲ್ಲ, ಹೋಗ್ಬೇಡಿ ಅಂದ. ಮಾತು ಕೇಳಿ ದಕ್ಷಿಣಕ್ಕೆ ಬೀವರ್ ಕ್ರೀಕ್ ಅನ್ನೋ ಕಡೆ ಹೋದ್ರು. ಹೋಗಿದ್ದು ಬೇಸಿಗೆಯಲ್ಲಿ, ನೆಲ ಒಣಗಿತ್ತು. ಮುಂದಿನ ವಸಂತದಲ್ಲಿ ನೀರು ತುಂಬಿದಾಗ ಗೊತ್ತಾಯ್ತು ಅದು ಜೌಗು ಅಂತ. ಚಳಿಜ್ವರ ಹಿಡೀತು, ಬಹಳ ಜನ ಸತ್ರು, ಉಳಿದವರು ಜಮೀನು ಬಿಟ್ಟು ಓಡಿ ಕೊನೆಗೆ ಇದೇ ಫಾಕ್ಸ್ ನದಿಗೆ ಬಂದು ಸೇರಿದ್ರು. ಆ ಗುಂಪಿನ ಓದಿದ ಹುಡುಗ ಉಲೆ ರಿನಿಂಗ್ ಅಲ್ಲೇ ಕಾಯಿಲೆ ಬಿದ್ದು ಹಾಸಿಗೆಯಲ್ಲಿ ಕೂತು ಅಮೆರಿಕಕ್ಕೆ ಬರೋರಿಗೆ ಒಂದು ಪುಟ್ಟ ಕೈಪಿಡಿ ಬರೆದ, ಅದು 1838ರಲ್ಲಿ ನಾರ್ವೆಯಲ್ಲಿ ಅಚ್ಚಾಗಿ ಮನೆಮನೆಗೆ ಹೋಯ್ತು, ಬರೆದವನು ಅದೇ ವರ್ಷ ಜ್ವರದಲ್ಲಿ ತೀರ್ಕೊಂಡ. ಫಾಕ್ಸ್ ನದಿಯವರಿಗೂ ಜ್ವರ ತಪ್ಪಲಿಲ್ಲ, 1849ರಲ್ಲಿ ಕಾಲರಾ ಬಂದಾಗ ಸಂಸಾರಕ್ಕೆ ಸಂಸಾರಾನೇ ಹೋದವು.

ಧರ್ಮದ ವಿಷಯಕ್ಕೆ ಬಂದ್ರೆ ಈ ಊರು ಸಂತೆ. ನಾರ್ವೆಯಲ್ಲಿ ಒಂದೇ ಚರ್ಚು ಇತ್ತಲ್ಲ, ಇಲ್ಲಿ ಕ್ವೇಕರ್, ಹಾವ್ಗೆ ಪಂಥ, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಅದರ ಮೇಲೆ 1842ರಲ್ಲಿ ನಾವೂ (Nauvoo) ಅನ್ನೋ ಹೆಸರಿನ ಪಟ್ಟಣದಿಂದ ಬಂದ ಮಾರ್ಮನ್ ಪಂಥದ ಪ್ರಚಾರಕರು. ಸ್ಲೂಪರ್‌ಗಳಲ್ಲೇ ಕೆಲವರು ಮಾರ್ಮನ್ ಆದ್ರು. 1839ರಲ್ಲಿ ಬಂದ ಹಾವ್ಗೆ ಪಂಥದ ಬೋಧಕ ಎಲ್ಲಿಂಗ್ ಐಯೆಲ್‌ಸನ್ ಇದನ್ನ ನೋಡಿ ತಲೆ ಚಚ್ಚಿಕೊಂಡಿರ್ಬೇಕು. ಆತ ಹಳ್ಳೀಲಿ ಒಂದು ಮರದ ಮನೆ ಕಟ್ಟಿ ಅದರಲ್ಲೇ ಪ್ರಾರ್ಥನೆ ನಡೆಸಿದ, ಇಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷ್ ಕಲೀತಿದ್ದಾರೆ, ಅವರ ಕೈಗೆ ಲೂಥರನ ಪ್ರಶ್ನೋತ್ತರ ಪುಸ್ತಕ ಇಂಗ್ಲಿಷ್‌ನಲ್ಲೇ ಕೊಡ್ಬೇಕು ಅಂತ 1841ರಲ್ಲಿ ನ್ಯೂಯಾರ್ಕ್‌ವರೆಗೆ ಹೋಗಿ ಅಚ್ಚು ಮಾಡಿಸ್ಕೊಂಡು ಬಂದ, ಆ ಓಡಾಟದಲ್ಲಿ ಬಹುಪಾಲು ನಡಿಗೆ. ಅದೂ ಏಳೆಂಟು ವರ್ಷದ ಊರಲ್ಲಿ ಭಾಷೆ ಬಗ್ಗೆ ಈ ಚಿಂತೆ! ನಾಪರ್‌ವಿಲ್‌ನಲ್ಲಿ ಭಾನುವಾರ ಮಕ್ಕಳನ್ನ ಕನ್ನಡ ಕ್ಲಾಸಿಗೆ ಬಿಟ್ಟು ಹೊರಗೆ ಕಾರಲ್ಲಿ ಕಾಯೋ ನಿಮಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ನಿಮ್ಮ ತಂದೆಯವರ ಪ್ರಶ್ನೆಗೆ ನೇರವಾಗಿ ಬರ್ತೀನಿ. ಊರು ಯಾಕೆ ಬೆಳೀಲಿಲ್ಲ ಅಂದ್ರೆ, ಬಂದವರಿಗೆ ಬೇಕಾಗಿದ್ದಿದ್ದು ಊರಲ್ಲ, ಜಮೀನು. ಸುತ್ತಲ ಒಳ್ಳೇ ಜಮೀನು ಹತ್ತು ವರ್ಷಕ್ಕೆಲ್ಲ ಖಾಲಿ, ಬೆಲೆ ಏರಿತು, ಆಮೇಲೆ ಬಂದವರು ಒಂದೆರಡು ವರ್ಷ ಇಲ್ಲಿ ಸಂಬಂಧಿಕರ ಮನೇಲಿ ಇದ್ದು, ಕೂಲಿ ಮಾಡಿ, ಎತ್ತು ಗಾಡಿ ಕೊಂಡು ಮುಂದಕ್ಕೆ. ಅದಕ್ಕೂ ಮೊದಲೇ 1837ರಲ್ಲಿ ಕ್ಲೆಂಗ್ ಕೆಲವರನ್ನ ಕರ್ಕೊಂಡು ಮಿಸೌರಿಯ ಶೆಲ್ಬಿ ಕೌಂಟಿಗೆ ಹೋಗಿ ಅಲ್ಲಿ ಕೈ ಸುಟ್ಕೊಂಡ. 1840ರಲ್ಲಿ ಅಯೋವಾದ ಶುಗರ್ ಕ್ರೀಕ್, ಆ ರಾಜ್ಯದ ಮೊದಲ ನಾರ್ವೆ ನೆಲೆ. ವಿಸ್ಕಾನ್ಸಿನ್‌ನ ಕೊಷ್ಕೊನಾಂಗ್, ಮುಂದೆ ತುಂಬಾ ಶ್ರೀಮಂತವಾದ ನೆಲೆ, ಅಲ್ಲಿಗೆ ಮೊದಲು ಹೋದವರಲ್ಲಿ ಫಾಕ್ಸ್ ನದಿಯವರಿದ್ರು, ಈ ಜಾಗ ಚೆನ್ನಾಗಿಲ್ಲ ಅಂತ ಹೇಳ್ತಿದ್ದ ಬ್ಯೋರ್ನ್ ಆಂಡರ್ಸನ್ ಕೂಡ ಮಾತಿಗೆ ತಕ್ಕಂಗೆ ಅಲ್ಲಿಗೇ ಹೋದ. 1849ರಲ್ಲಿ ಮಾರ್ಮನ್ ಆದ ಒಂದು ಗುಂಪು ಗಾಡಿ ಕಟ್ಕೊಂಡು ಯೂಟಾಗೆ. 1855ರಲ್ಲಿ ಪಕ್ಕದ ಲಿಸ್ಬನ್ ಕಡೆಯಿಂದ ಇನ್ನೊಂದು ದೊಡ್ಡ ಗುಂಪು ಅಯೋವಾದ ಸ್ಟೋರಿ ಕೌಂಟಿಗೆ. ಹೆಣ್ಣುಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿದ ಮನೆ ಥರ, ಇಲ್ಲಿ ಉಳಿದಿದ್ದು ಜಮೀನು ಕೈಯಲ್ಲಿದ್ದ ಕೆಲವು ಸಂಸಾರ. ಆಮೇಲೆ ರೈಲು ಬಂದಾಗ ಅದೂ ಪಕ್ಕದ ಶೆರಿಡನ್ ಮೇಲೆ ಹಾದು ಹೋಯ್ತು, ಅಂಗಡಿ, ದವಸದ ಗೋದಾಮು ಎಲ್ಲ ರೈಲು ಇರೋ ಕಡೆಗೇ ತಾನೇ ಹೋಗೋದು. ನಾರ್ವೆಗೆ ಒಂದು ಅಡ್ಡರಸ್ತೆ ಉಳೀತು.

ಕ್ಲೆಂಗ್ ಕೂಡ ಇಲ್ಲಿ ಉಳೀಲಿಲ್ಲ ಅಂತ ಬೇರೆ ಹೇಳ್ಬೇಕಾ. ಮಿಸೌರಿ, ಆಮೇಲೆ ಬಿಷಪ್ ಹಿಲ್ ಅನ್ನೋ ಸ್ವೀಡನ್‌ನವರ ಸಾಮೂಹಿಕ ಆಶ್ರಮ, ಅಲ್ಲೊಂದು ಮದುವೆ, ಅದೂ ಹೊಂದಲಿಲ್ಲ, ಕೊನೆಗೆ ಟೆಕ್ಸಾಸ್. 1865ರ ಡಿಸೆಂಬರ್‌ನಲ್ಲಿ ಬಾಸ್ಕ್ ಕೌಂಟಿಯಲ್ಲಿ ಸತ್ತ, ಅಲ್ಲಿ ನಾರ್ಸ್ ಅನ್ನೋ ಪುಟ್ಟ ಹಳ್ಳಿಯ ಸ್ಮಶಾನದಲ್ಲಿ ಅವನ ಸಮಾಧಿ ಇದೆ. 1982ರಲ್ಲಿ ರಾಜ ಐದನೇ ಉಲಾವ್ ಆ ಸಮಾಧಿಗೂ ಹೋಗಿದ್ದ. ನಿಮಗೆ ಯಾರೋ ಹೇಳಿದ್ದು ನಿಜ, ಅದೇ ರಾಜ 1975ರಲ್ಲಿ, ಸ್ಲೂಪ್ ಬಂದು 150 ವರ್ಷ ಆದಾಗ, ನೀವು ನೋಡಿದ ಹಳ್ಳಿಗೂ ಬಂದಿದ್ದ. 2025ರಲ್ಲಿ 200 ವರ್ಷ ತುಂಬಿದಾಗ ಅದೇ ಅಳತೆಯ ಇನ್ನೊಂದು ಸ್ಲೂಪ್ ಸ್ಟಾವಾಂಗರ್‌ನಿಂದ ಜುಲೈ 4ಕ್ಕೆ ಹೊರಟು ಅಕ್ಟೋಬರ್ 9ಕ್ಕೆ ಸರಿಯಾಗಿ ನ್ಯೂಯಾರ್ಕ್ ಮುಟ್ಟಿತು, ಈ ಸಲ ದಂಡ ಹಾಕಲಿಲ್ಲ.

ವಿಮಾನ ಬಾಕಿ ಉಳೀತು. ಅಲ್ಲಿ ಅಪಘಾತ ಏನೂ ಆಗಿಲ್ಲ, ಬೇಕಂತಾನೇ ಹಾಗೆ ನಿಲ್ಲಿಸಿದ್ದು. 1980ರ ದಶಕದಲ್ಲಿ ಹೊಲ, ಬದುಕು ಕಳ್ಕೊಂಡ ರೈತರಿಗೂ ಕೃಷಿ ನಂಬಿದ್ದ ವ್ಯಾಪಾರಿಗಳಿಗೂ ಅರ್ಪಣೆ ಅಂತ ಅಲ್ಲೇ ಬರೆದಿದೆ, ಕಾರಿಂದ ಇಳಿದಿದ್ರೆ ಓದಬಹುದಿತ್ತು. 70ರ ದಶಕದಲ್ಲಿ ಜಮೀನಿನ ಬೆಲೆ ಏರ್ತಾನೇ ಇತ್ತು, ಬ್ಯಾಂಕಿನವರು ಕರೆದು ಕರೆದು ಸಾಲ ಕೊಟ್ರು, ರೈತರು ಸಾಲ ಮಾಡಿ ಪಕ್ಕದ ಹೊಲಾನೂ ತಗೊಂಡ್ರು. 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಕಳಿಸೋದನ್ನ ಅಧ್ಯಕ್ಷ ಕಾರ್ಟರ್ ನಿಲ್ಲಿಸಿದ, ಅದೇ ವರ್ಷದ ಕೊನೆಗೆ ಬ್ಯಾಂಕುಗಳ ಮೂಲ ಬಡ್ಡಿದರ ಶೇಕಡ 21 ದಾಟಿತು, ಧಾನ್ಯದ ಬೆಲೆ ಬಿತ್ತು, ಆಮೇಲೆ ಅಡವಿಟ್ಟ ಜಮೀನಿನ ಬೆಲೇನೂ ಬಿತ್ತು. ನೂರೈವತ್ತು ವರ್ಷ ಹಿಡ್ಕೊಂಡಿದ್ದ ಹೊಲ ಹರಾಜಿಗೆ ಬಂದ ಮನೆಗಳು ಆ ಕಡೆಯೆಲ್ಲ ಇದ್ವು. ನಾನು ಹೋಗಿದ್ದು ಒಂದು ಅಕ್ಟೋಬರ್ ಸಂಜೆ, ಮೆಕ್ಕೆಜೋಳ ಒಣಗಿ ಕಟಾವಿಗೆ ನಿಂತಿತ್ತು, ವಿಮಾನದ ಬಾಲ ಆ ತೆನೆಗಳಿಗಿಂತ ಮೇಲೆ ಎದ್ದು ಕಾಣ್ತಿತ್ತು, ಹಿಂದೆ ಎಲ್ಲೋ ಹಾರ್ವೆಸ್ಟರ್ ಸದ್ದು.

ಇನ್ನೊಂದ್ಸಲ ಆ ಕಡೆ ಹೋದ್ರೆ ಹಳ್ಳಿಯೊಳಗಿನ ಹಳೇ ಹಾವ್ಗೆ ಚರ್ಚಿಗೆ ಹೋಗಿ, 1840ರ ದಶಕದ ಕೊನೆಗೆ ಕಟ್ಟಿದ್ದು, ಈಗ ಅದರಲ್ಲಿ ನಾರ್ಸ್ಕ್ ಮ್ಯೂಸಿಯಂ ಇದೆ. ಯಾವಾಗ್ಲೂ ತೆರೆದಿರಲ್ಲ, ಮೊದಲೇ ಫೋನ್ ಮಾಡ್ಕೊಂಡು ಹೋಗಿ. ಮತ್ತೆ ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ, ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರ್ಕೊಂಡು ಹೋಗೇ ಇರ್ತೀರಿ, ಆ ಅರೋರಾ ಊರಿನ ನಡುವೆ ಹರಿಯೋದು ಇದೇ ಫಾಕ್ಸ್ ನದಿ, ನೀರು ಅಲ್ಲಿಂದ ಇಳಿದು ಯಾರ್ಕ್‌ವಿಲ್ ದಾಟಿ ನಾರ್ವೆಯವರ ಹೊಲಗಳ ಪಕ್ಕದಲ್ಲಿ ಹಾದು ಒಟ್ಟಾವಾದಲ್ಲಿ ಇಲಿನಾಯ್ ನದಿಗೆ ಸೇರ್ತದೆ.